ಬಿಸಿ ಹಾಸಿಗೆ

ಕ್ಯೂ ಗಾರ್ಡನ್ಸ್‌ನಲ್ಲಿ ನನ್ನ ಮನೆ.
ನೆಲಮಾಳಿಗೆಯಲ್ಲಿ ಎಂಟು ಮಂಚ, ಒಂದರ ಮೇಲೊಂದು.
ಗಂಡ ಸತ್ತ ಮೇಲೆ ಅವನ ಬಡಗಿ ಸಾಮಾನು ಮಾರಿ ಮಾಡಿಸಿದ್ದು.
ಪೈಲಟ್‌ಗಳಿಗೆ ಬಾಡಿಗೆಗೆ ಕೊಡುತ್ತೇನೆ.

ತಣ್ಣನೆ ಹಾಸಿಗೆಗೆ ತಿಂಗಳಿಗೆ ಮುನ್ನೂರು ಡಾಲರ್:
ಅದು ನಿನ್ನದೇ, ನೀನು ಊರಲ್ಲಿರದ ರಾತ್ರಿಯೂ
ನಿನಗಾಗಿ ಖಾಲಿ ಬಿದ್ದಿರುತ್ತದೆ.
ಬಿಸಿ ಹಾಸಿಗೆಗೆ ಅರ್ಧ:
ಮೊದಲು ಬಂದವನಿಗೆ ಮೊದಲು.
ಎದ್ದುಹೋದವನ ಮೈಕಾವು ಆರುವ ಮುನ್ನ
ಇನ್ನೊಬ್ಬ ಬಂದು ಒರಗುತ್ತಾನೆ.
ಇಬ್ಬರಿಗೂ ಒಗೆಯುವವಳು ನಾನೇ.
ಯಾರು ಮಲಗಿದ್ದರು, ಯಾರು ಬರೀ ಹೊರಳಾಡಿದ್ದರು
ದುಪ್ಪಟಿ ನೋಡಿದರೆ ಗೊತ್ತಾಗುತ್ತದೆ.

ಕೋಲ್ಬಿ ಬಿಸಿ ಹಾಸಿಗೆಯವನು.
ನೆಬ್ರಾಸ್ಕಾದ ಹುಡುಗ, ಇಪ್ಪತ್ಮೂರು ವರ್ಷ, ಕಿವಿ ಸ್ವಲ್ಪ ದೊಡ್ಡದು.
ಎದೆಯ ಮೇಲಿನ ಆ ತಗಡಿನ ರೆಕ್ಕೆಗೆ
ತೊಂಬತ್ತು ಸಾವಿರ ಸಾಲ.
ಹಾರಿದ ಗಂಟೆಗೆ ಇಪ್ಪತ್ತೊಂದು ಡಾಲರ್.
ಹಾರಿದ ಗಂಟೆ ಅಂದರೆ ಬಾಗಿಲು ಮುಚ್ಚಿ
ಚಕ್ರ ಉರುಳಿದ ಮೇಲಿನದು ಮಾತ್ರ;
ಹಿಮ ಕೆರೆಯುವವರೆಗೆ ಕಾದದ್ದು, ಕಾಗದ ಪತ್ರ ನೋಡಿದ್ದು,
ಅವೆಲ್ಲ ದೇವರ ಲೆಕ್ಕ.
ರಜೆಯ ದಿನ ಆಸ್ಟೋರಿಯಾದ ಬೇಕರಿಯಲ್ಲಿ ಹಿಟ್ಟು ನಾದುತ್ತಾನೆ.
ಹೊಟ್ಟೆಗೆ ನೂಡಲ್ಸ್, ಹೆಗಲಿಗೆ ಚಿನ್ನದ ಪಟ್ಟಿ
ಎಂದು ಒಮ್ಮೆ ತಮಾಷೆ ಮಾಡಿದೆ. ನಕ್ಕ.
ನಾದಿ ನಾದಿ ಉಗುರ ಸಂದಿಯಲ್ಲಿ ಹಿಟ್ಟಿತ್ತು.

ಫೆಬ್ರವರಿಯ ಆ ರಾತ್ರಿ
ಹನ್ನೆರಡು ನಲವತ್ತಕ್ಕೆ ಬಂದ. ಕೆಮ್ಮು.
ಬಿಸಿ ಹಾಸಿಗೆ ಎಲ್ಲ ತುಂಬಿದ್ದವು.
ಕೆಳಮಂಚ, ಕಿಟಕಿ ಪಕ್ಕದ್ದು, ಕ್ಯಾಪ್ಟನ್ ಹೋಲ್ಟ್‌ಕ್ಯಾಂಪ್‌ನದು,
ಖಾಲಿ ಇತ್ತು.
ಹೋಲ್ಟ್‌ಕ್ಯಾಂಪ್ ಟಾಂಪಾದಲ್ಲಿ ಹೆಂಡತಿಯ ಜೊತೆ.
ಕೋಲ್ಬಿ ಕೇಳಲಿಲ್ಲ. ಬರೀ ನೋಡಿದ.
ನಿಯಮ ಅಂದರೆ ನಿಯಮ, ಅಂದೆ.
ಬಟ್ಟೆ ಒಣಗಿಸುವ ಯಂತ್ರದ ಪಕ್ಕ ಬೆಚ್ಚಗಿರುತ್ತೆ
ಎಂದು ಕುರ್ಚಿ ತೋರಿಸಿದೆ.
ನಾಲ್ಕಕ್ಕೆ ಅವನ ಗಡಿಯಾರ ಕೂಗಿತು.
ಹುಷಾರಿಲ್ಲ ಅಂತ ಫೋನ್ ಮಾಡಿಬಿಡೋ, ಅಂದೆ.
ಮೊದಲನೇ ವರ್ಷ, ಇಸ್ಮಿನಿ,
ದಿನದ ದುಡ್ಡೂ ಹೋಗುತ್ತೆ, ಹೆಸರೂ ಕೆಡುತ್ತೆ,
ಅನ್ನುತ್ತ ಅಂಗಿಯ ಕಾಲರಿಗೆ ಇಸ್ತ್ರಿ ಹಾಕಿದ.
ಬರೀ ಕಾಲರಿಗೆ. ಕೋಟಿನಿಂದ ಹೊರಗೆ ಕಾಣುವುದು ಅಷ್ಟೇ.

ಅದೇ ಮಧ್ಯಾಹ್ನ ನಾನು ರೋಚೆಸ್ಟರ್‌ಗೆ ಹೊರಟೆ.
ತಂಗಿಯ ಮಂಡಿಯ ಆಪರೇಷನ್.
ಸಣ್ಣ ವಿಮಾನ, ಹೊರಗೆ ತಿರುಗುವ ರೆಕ್ಕೆ,
ಸೀಟು ಹನ್ನೊಂದು ಸಿ.
ಎರಡು ಗಂಟೆ ತಡವಾಗಿ ಏರಿದೆವು.
ಮೋಡದೊಳಗೆ ಹೊಕ್ಕಾಗ ಮಾತಿನ ಪೆಟ್ಟಿಗೆ ಕರಕರ ಅಂದಿತು:
ಮುಂದೆ ಕುಲುಕಾಟ ಇದೆ, ಬೆಲ್ಟ್ ಬಿಗಿ ಇರಲಿ,
ಆಮೇಲೆ ಒಂದು ಕೆಮ್ಮು.

ಆ ಕೆಮ್ಮು ನನಗೆ ಗೊತ್ತು.
ನನ್ನ ನೆಲಮಾಳಿಗೆಯ ಕೆಮ್ಮು ಅದು.

ಪಕ್ಕದ ಹೆಂಗಸು ಮಗುವಿನ ಕಿವಿ ಮುಚ್ಚಿ ಕಣ್ಣು ಮುಚ್ಚಿದಳು.
ಮುಂದಿನ ಸೀಟಿನ ಮುದುಕ ಗೊರಕೆಗೆ ಬಿದ್ದ.
ಎಲ್ಲರೂ ಅವನನ್ನು ನಂಬಿ ನಿದ್ದೆ ಹೋದರು.
ಅವನ ನಿದ್ದೆಯ ಲೆಕ್ಕ ಬಲ್ಲವಳು
ಇಡೀ ವಿಮಾನದಲ್ಲಿ ನಾನೊಬ್ಬಳೇ:
ಮೂರು ಗಂಟೆ ಇಪ್ಪತ್ತು ನಿಮಿಷ, ಕುರ್ಚಿಯಲ್ಲಿ.
ಕಿಟಕಿಯಾಚೆ ರೆಕ್ಕೆಯಂಚಿಗೆ ಬಿಳಿ ಕಟ್ಟುತ್ತಿತ್ತು.
ಎಚ್ಚರ ಇರೋ, ಎಚ್ಚರ ಇರೋ ಎಂದು
ಒಳಗೊಳಗೇ ಜಪಿಸಿದೆ,
ಯಾರಿಗೆ ಹೇಳಿದೆನೋ.
ಕ್ಯಾಪ್ಟನ್ನನ ಖಾಲಿ ಹಾಸಿಗೆ,
ಮೂಲೆ ಮಡಚಿ ನಾನೇ ಹಾಸಿದ್ದು,
ಕಣ್ಣ ಮುಂದೆ ತಣ್ಣಗೆ ಬಿದ್ದಿತ್ತು.
ನೂರೈವತ್ತು ಡಾಲರಿನ ವ್ಯತ್ಯಾಸ.

ಧಡ್ ಎಂದು ಇಳಿದೆವು. ಯಾರೋ ಚಪ್ಪಾಳೆ ತಟ್ಟಿದರು.
ಬಾಗಿಲ ಬಳಿ ನಿಂತಿದ್ದ ಅವನು,
ಟೋಪಿ ಕಂಕುಳಲ್ಲಿ, ಕಣ್ಣು ಕೆಂಡ.
ನನ್ನ ನೋಡಿ ಹುಡುಗನ ಹಾಗೆ ಅರಳಿದ:
ಇಸ್ಮಿನಿ! ಇವತ್ತು ರಾತ್ರಿ
ಹಾಸಿಗೆ ಏನಾದರೂ ಇರುತ್ತಾ?

ಬೇಗ ಇಳಿಯಿರಿ ಅಮ್ಮಾ ಎಂದು
ಹಿಂದಿನವರು ತಳ್ಳುತ್ತಿದ್ದರು.