ಇಪ್ಪತ್ತೆಂಟನೆಯ ದಿನ

ಸಾಗರ ರಸ್ತೆಯ ಟೈರ್ ಅಂಗಡಿಯ ಹಿಂದೆ ನಮ್ಮ ಲ್ಯಾಬು.
ನನ್ನ ಕೆಲಸ ಒಡೆಯುವುದು.
ಬಿ.ಇ. ಸಿವಿಲ್, ಫಸ್ಟ್ ಕ್ಲಾಸು. ಅಮ್ಮನಿಗೆ ಇನ್ನೂ ಬಗೆಹರಿದಿಲ್ಲ:
"ಕಟ್ಟೋದು ಕಲಿತು ಬಂದವಳಿಗೆ ಒಡೆಯೋಕೆ ಸಂಬಳವಾ?"

ಆರಿಂಚಿನ ಘನಗಳು ತೊಟ್ಟಿಯಲ್ಲಿ ಮುಳುಗಿವೆ,
ಬೆನ್ನ ಮೇಲೆ ಊರು, ತಾರೀಖು:
ಆಯನೂರು ಶಾಲೆ, ಗಾಜನೂರು ಟ್ಯಾಂಕು,
ರಿಪ್ಪನ್‌ಪೇಟೆಯಲ್ಲಿ ಯಾರದೋ ಮದುವೆ ಛತ್ರ.
ಇಪ್ಪತ್ತೆಂಟು ದಿನ ನೆನೆದು ಎದ್ದವನ್ನು
ಒರೆಸಿ, ತೂಗಿ, ಯಂತ್ರದ ದವಡೆಗೆ ಕೊಡುತ್ತೇನೆ.
ಮುಳ್ಳು ಏರುತ್ತದೆ. ಏರುತ್ತದೆ.
ಒಳ್ಳೆಯದಾದರೆ ಮೊದಲು ಸಣ್ಣದೊಂದು ನರಳು,
ಆಮೇಲೆ ಪಟಾರ್.
ಕೆಟ್ಟದ್ದು ಸದ್ದಿಲ್ಲದೆ ಹಿಟ್ಟಾಗುತ್ತದೆ.

ನಮ್ಮ ಬ್ಯಾಚಿನಲ್ಲಿ ಅರವತ್ತೆರಡು ಜನ.
ಜಬೀನಾ ಹೊಸನಗರದಲ್ಲಿ ಎಇ,
ಅಳತೆ ಪುಸ್ತಕ ದಿಂಬಿನ ಕೆಳಗಿಟ್ಟು ಮಲಗುತ್ತಾಳಂತೆ.
ತೀರ್ಥೇಶ ಏಳು ವರ್ಷದಿಂದ
ಲೈಬ್ರರಿಯ ಅದೇ ಕಿಟಕಿಯ ಪಕ್ಕ ಕೆಪಿಎಸ್‌ಸಿಗೆ ಓದುತ್ತಿದ್ದಾನೆ;
ಎರಡು ಸಲ ಪಟ್ಟಿಯಲ್ಲಿ ಹೆಸರು ಬಂತು,
ಎರಡೂ ಸಲ ಪಟ್ಟಿಯೇ ಹೋಯಿತು.
ಫ್ಲೇವಿಯಾ ಭದ್ರಾವತಿಯ ಡಿಪ್ಲೊಮಾ ಹುಡುಗರಿಗೆ
ತೊಲೆ ಬಾಗುವ ಪಾಠ ಹೇಳುತ್ತಾಳೆ.
ಸೀಮೆಸುಣ್ಣಕ್ಕೂ ಸಿಮೆಂಟಿಗೂ ಕೆಮ್ಮು ಒಂದೇ, ಅನ್ನುತ್ತಾಳೆ.
ರೇವಣಸಿದ್ದ ವಾಸ್ತು ಹೇಳುತ್ತಾನೆ,
ನಮ್ಮೆಲ್ಲರಿಗಿಂತ ಹೆಚ್ಚು ಗಳಿಸುತ್ತಾನೆ;
ಒಮ್ಮೆ ಲ್ಯಾಬಿಗೆ ಬಂದು
ಆಗ್ನೇಯದಲ್ಲಿ ನೀರಿನ ತೊಟ್ಟಿ ಬೇಡ ಎಂದು ನನಗೇ ಹೇಳಿ ಹೋದ.

ಹಾಲೇಶ ಕಂಟ್ರಾಕ್ಟರು.

ಅವನ ಮೂರು ಘನ ಮಂಗಳವಾರ ಬಂದವು:
ನಗರದ ಕಡೆಯ ಹಳ್ಳವೊಂದರ ಮೋರಿ, ಚಪ್ಪಡಿ.
ನಾನೂರೈವತ್ತು ದಾಟಬೇಕಿತ್ತು.
ಮುನ್ನೂರ ಅರವತ್ತೈದಕ್ಕೆ ಮೊದಲನೆಯದು ಕೂತುಬಿಟ್ಟಿತು.
ಉಳಿದೆರಡು ಅದರ ತಮ್ಮಂದಿರು.
ಒಡಕಿನಲ್ಲಿ ಬೆರಳಾಡಿಸಿದೆ:
ಹಳ್ಳದ ಮರಳು, ಕೆಮ್ಮಣ್ಣು,
ಬಸವನಹುಳುವಿನ ಒಂದು ಪುಟ್ಟ ಚಿಪ್ಪು, ಪೂರ್ತಿಯಾಗಿ.

"ಚೌಡಿ, ಮೂರನ್ನು ನಾಲ್ಕು ಮಾಡು. ಒಂದೇ ಅಂಕಿ.
ಆ ಊರಿಗೆ ಲಾರಿ ಇಳಿಯಲ್ಲ ಮಾರಾಯ್ತಿ,
ಮಿಕ್ಸರ್ ಎಳೆಯೋಕೇ ಎರಡು ದಿನ ಹಿಡೀತು.
ಬಿಲ್ಲಾಗದಿದ್ದರೆ ಕಂಬಿ ಅಂಗಡಿಯವನು
ಮನೆ ಜಗಲಿ ಮೇಲೆ ಬಂದು ಕೂರ್ತಾನೆ."
ಆಮೇಲೆ, ದನಿ ಇಳಿಸಿ:
"ಅಂಬ್ಲಿಗೊಳ ಮರೆತೆಯಾ?"

ಮರೆತಿಲ್ಲ.
ಸರ್ವೆ ಕ್ಯಾಂಪು. ಉಂಬಳ ಹತ್ತಿದ ಕಾಲಲ್ಲಿ
ಅವನು ಅಳತೆಗೋಲು ಹಿಡಿದು ಅಲುಗದೆ ನಿಂತಿದ್ದ;
ಒಂದು ಕಣ್ಣು ಮುಚ್ಚಿ ನಾನು
ತಲೆಕೆಳಗಾದ ಅಂಕಿ ಕೂಗಿ ಹೇಳುತ್ತಿದ್ದೆ.
ಐದು ದಿನ ಸುತ್ತಿ ಹೊರಟ ಗೂಟಕ್ಕೇ ಬಂದು ಸೇರಿದಾಗ
ಹನ್ನೆರಡು ಸೆಂಟಿಮೀಟರು ತಪ್ಪು. ಅಷ್ಟು ಹೊತ್ತಿನಲ್ಲಿ
ಭೂಮಿಯೇ ಕುಸಿದಿರಬೇಕು ಎಂದು ನಕ್ಕಿದ್ದೆವು.
ರಾತ್ರಿ ಚಾರ್ಜರ್ ಲೈಟಿನಲ್ಲಿ
ಆ ತಪ್ಪನ್ನು ಎಲ್ಲ ಗೂಟಗಳಿಗೂ
ಪ್ರಸಾದದ ಹಾಗೆ ಚೂರು ಚೂರು ಹಂಚಿದೆವು.
ಬರೆದದ್ದು ನನ್ನ ಕೈ.
ಸಿಕ್ಕಿದ್ದು ಇಪ್ಪತ್ತಕ್ಕೆ ಹತ್ತೊಂಬತ್ತು.

"ಅದರ ಮೇಲೆ ಯಾರೂ ನಡೀತಿರಲಿಲ್ಲ ಹಾಲೇಶ."

ಸ್ವಲ್ಪ ಹೊತ್ತು ಬರೀ ಉಸಿರು ಕೇಳಿಸಿತು. ಫೋನಿಟ್ಟ.
ಮುನ್ನೂರ ಅರವತ್ತೈದು ಎಂದೇ ಬರೆದೆ.
ಕೈ ತೊಳೆದೆ. ಉಗುರಿನ ಸಂದಿಯದು ಹೋಗಲಿಲ್ಲ.

ಆಮೇಲಿನದು ಗೊತ್ತಿಲ್ಲ.
ಚಪ್ಪಡಿ ಒಡೆಸಿದರೋ,
ಬೇರೆ ಲ್ಯಾಬಿನಲ್ಲಿ ಬೇರೆ ಘನ ಬೇರೆ ಮಾತಾಡಿತೋ.
ಜಬೀನಾಳನ್ನು ಕೇಳಬಹುದಿತ್ತು.
ನಂಬರು ಒತ್ತಿ, ಹಬ್ಬದ ಬಿರಿಯಾನಿಯ ಮಾತಾಡಿ ಇಟ್ಟೆ.

ಮೊನ್ನೆ ಕೊಲ್ಲೂರಿನ ಬಸ್ಸು ಆ ದಾರಿ ಹಿಡಿಯಿತು.
ಹಳ್ಳ ಬಂತು. ಹೊಸ ಮೋರಿ, ಬದಿಗೋಡೆಗೆ ಹಳದಿ ಬಣ್ಣ,
ಅದರ ಮೇಲೆ ಕೂತು ಪೇರಳೆಹಣ್ಣು ತಿನ್ನುವ ಇಬ್ಬರು ಹುಡುಗರು.
ಐವತ್ತೆರಡು ಸೀಟು, ನಿಂತವರು ಬೇರೆ,
ಟಾಪಿನಲ್ಲಿ ಯಾರದೋ ಅಕ್ಕಿಮೂಟೆ.
ಲೆಕ್ಕ ಹಾಕತೊಡಗಿದೆ, ಅರ್ಧಕ್ಕೇ ಬಿಟ್ಟೆ.
ಮುಂದಿನ ಗಾಲಿ ಚಪ್ಪಡಿಗೆ ಹತ್ತುವಾಗ
ಕೂತಲ್ಲೇ ಎರಡೂ ಕಾಲು ಮೇಲೆತ್ತಿಕೊಂಡೆ,
ಅದರಿಂದ ಭಾರ ಕಡಿಮೆಯಾಗದು ಎಂದು
ನಾಲ್ಕು ವರ್ಷ ಓದಿದವಳು.