ಒರೆ

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ,
ಮೂರು ತಲೆಮಾರಿನ ಕುಲುಮೆ ನಮ್ಮದು.
ಪೀಚೆಕತ್ತಿಯ ಒರೆಗೆ ಬೆಳ್ಳಿ ಹೊದಿಸುವುದು,
ಮದುವೆ ಮುಗಿದ ಮೇಲೆ ಸಡಿಲಾದ ಸರಪಳಿ ಬಿಗಿಯುವುದು,
ಕೈಲ್‌ಪೊಳ್ದ್ ಹತ್ತಿರ ಬಂತೆಂದರೆ
ಊರಿನ ಅರ್ಧ ಕಪ್ಪನ್ನು ಹುಣಸೆಹುಳಿಯಲ್ಲಿ ತಿಕ್ಕಿ ತೆಗೆಯುವುದು.

ಈ ಸಲ ದೇಚವ್ವ ಬಂದರು, ಲೆಕ್ಕದ ಟೀಚರು,
ನನ್ನ ಮಗನಿಗೆ ಎರಡು ಸಲ ಸೊನ್ನೆ ಕೊಟ್ಟವರು.
ಕತ್ತಿ ತಂದಿರಲಿಲ್ಲ.
ಚೀಲದೊಳಗಿಂದ ಚೀಲ, ಅದರೊಳಗೊಂದು ಕರವಸ್ತ್ರ,
ಗಂಟು ಬಿಚ್ಚಿ ಮೇಜಿನ ಮೇಲಿಟ್ಟದ್ದು ಒಂದು ಕಾರ್ಡು.
"ಇದಕ್ಕೊಂದು ಒರೆ ಬೇಕು, ಆಚಾರಿ."

ನಗಲಿಲ್ಲ ನಾನು. ಸೊನ್ನೆಯ ಭಯ ಇನ್ನೂ ಇದೆ.

ಮೂಲೆಯಲ್ಲಿ ನಾಲ್ಕು ಕಮಾನು,
ಕೆರೆಗೆ ಕಲ್ಲೆಸೆದಾಗ ಏಳುವ ಅಲೆಯ ಅರ್ಧ ಚೂರು.
"ನೋಡಿ, ಮೆಷಿನ್ನು ಕೂಗಿದರೆ ಇದು ಓಗೊಡುತ್ತದೆ,
ಕೂಗಿದ್ದು ಯಾರೆಂದು ಕೇಳುವುದಿಲ್ಲ, ದಡ್ಡ ಹುಡುಗನ ಹಾಗೆ.
ಮೈಸೂರು ಬಸ್ಸಿನ ನೂಕುನುಗ್ಗಲಿನಲ್ಲಿ
ಒಬ್ಬ ಅಂಟಿಕೊಂಡು ನಿಂತರೆ ಸಾಕಂತೆ,
ಚೀಲಕ್ಕೆ ಕೈ ಹಾಕುವುದೇ ಬೇಡ.
ಸುತ್ತ ಲೋಹ ಇದ್ದರೆ ಇದಕ್ಕೆ ಕಿವಿ ಕೇಳುವುದಿಲ್ಲ."

ನನಗೆ ಗೊತ್ತಿರುವ ಕಳವೆಲ್ಲ ಕೈಯದು.
ಹರಿದ ಸರ ರಿಪೇರಿಗೆ ಬಂದರೆ
ಬಾಯಿ ತೆರೆದ ಕೊಂಡಿ ನೋಡಿ
ಎಳೆದವನು ಎಡಚನೋ ಅಲ್ಲವೋ ಹೇಳಿಬಿಡುತ್ತೇನೆ.
ಕೊಂಡಿ ಬಿಡದ, ಗೀರು ಬಿಡದ ಈ ಕಳ್ಳನನ್ನು
ಯಾವ ಭೂತಗನ್ನಡಿ ಹಿಡಿದು ಹುಡುಕಲಿ?

ಬೆಳ್ಳಿಯಲ್ಲಿ ಪ್ರಯೋಗ ಮಾಡುವಷ್ಟು ಸಾಹುಕಾರರಲ್ಲ ಇಬ್ಬರೂ.
ಬುತ್ತಿ ಕಟ್ಟುವ ಅಲ್ಯುಮಿನಿಯಂ ಹಾಳೆ ಮಡಚಿ,
ಕಾರ್ಡು ತೂರಿಸಿ, ಎದುರಿನ ಮೆಡಿಕಲ್ಸಿಗೆ ನಡೆದೆವು.
ಅಶ್ಕರ್ ಮೆಷಿನ್ನು ಮುಂದಿಟ್ಟ.
ಟೀಂಕ್!
ಮಡಿಕೆಯ ಒಂದು ಮಗ್ಗುಲು ಹರಿದಿತ್ತು. ಕಾರ್ಡಿನ ಮೂಗು ಹೊರಗೆ.
ಇಪ್ಪತ್ತೆರಡು ರೂಪಾಯಿ, ಗಂಟಲಿನ ಗುಳಿಗೆ,
ಯಾರ ಗಂಟಲಿಗೂ ಏನೂ ಆಗಿರಲಿಲ್ಲ.
ಎರಡನೇ ಸಲ ಬಾಯಿ ಮಡಚಿ ಒತ್ತಿದೆ.
ಮೆಷಿನ್ನು ಕಾದಿತು. ಕಾದೇ ಕಾದಿತು.
"ಸತ್ತೇ ಹೋಯ್ತಲ್ಲ ಟೀಚರ್" ಎಂದ ಅಶ್ಕರ್.
ದೇಚವ್ವನ ಮುಖದಲ್ಲಿ ನೂರಕ್ಕೆ ನೂರು.

ತೆಳು ತಗಡು ಬಡಿದೆ. ಹೂವು ಬೇಡ ಎಂದಿದ್ದರು,
ಆದರೂ ಅಂಚಿಗೆ ಒಂದು ಬಳ್ಳಿ ತಾನಾಗಿ ಹಬ್ಬಿತು.
ಅಜ್ಜ ಒರೆ ಮಾಡಿದ್ದು ಅಲಗು ಜನರನ್ನು ಕೊಯ್ಯದಿರಲೆಂದು,
ನಾನು ಮಾಡುತ್ತಿರುವುದು
ಜನ ಒಳಗಿನದನ್ನು ಕೊಯ್ಯದಿರಲೆಂದು.
ಸುತ್ತಿಗೆಗೆ ಈ ವ್ಯತ್ಯಾಸ ತಿಳಿಯಲಿಲ್ಲ.

ಕೆಲಸ ಮುಗಿಯುವ ಮುನ್ನ ತಿಂಗಳ ಅಕ್ಕಿಯ ದಿನ ಬಂತು.
ನ್ಯಾಯಬೆಲೆ ಅಂಗಡಿಯಲ್ಲಿ ಇನ್ನೊಂದು ಮೆಷಿನ್ನು, ಸಣ್ಣದು,
ಅದರ ಗಾಜಿನ ಮೇಲೆ ಹೆಬ್ಬೆರಳಿಟ್ಟೆ.
ಇಲ್ಲ ಎಂದಿತು.
ತೋರುಬೆರಳು. ಇಲ್ಲ.
ತಲೆಗೆ ಉಜ್ಜಿ ಎಣ್ಣೆ ಹಚ್ಚಿ ಒತ್ತಿದೆ, ಪಂಚೆಗೆ ಒರೆಸಿ ಒಣಗಿಸಿ ಒತ್ತಿದೆ,
ಹಿಂದೆ ಸಾಲು ಬೆಳೆಯಿತು, ಯಾರೋ ಕೆಮ್ಮಿದರು.
ನಲವತ್ತು ವರ್ಷ ಆಮ್ಲ, ಬೂದಿ, ಅರದ ಪುಡಿ.
ಗೆರೆಗಳೆಲ್ಲ ಊರವರ ಬೆಳ್ಳಿಗೆ ಹೊಳಪಾಗಿ ಹೋಗಿವೆ.
"ನಾಳೆ ಬನ್ನಿ ಆಚಾರಿ, ಸರ್ವರಿಗೆ ನೀವು ಸಿಗ್ತಾ ಇಲ್ಲ."

ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು
ಗಡಿಯಾರದ ಕೆಳಗೆ ಬರುವಾಗ ಲೆಕ್ಕ ಹಾಕಿದೆ:
ಅವರ ಹೆಸರನ್ನು ಗಾಳಿಯಲ್ಲೇ ಎಗರಿಸುತ್ತಾರಂತೆ,
ನನ್ನದನ್ನು ಗಾಜಿಗೆ ಅಂಟಿಸಿ ಕೊಟ್ಟರೂ ಬೇಡ.
ಇದಕ್ಕೆ ಟೀಚರು ಎಷ್ಟು ಅಂಕ ಕೊಡುತ್ತಾರೋ.

ರಾತ್ರಿ ಎರಡು ಹಾಳೆ ಬೆಸೆಯುವ ಮೊದಲು
ಒರೆಯ ಒಳಮೈಗೆ ಹೆಬ್ಬೆರಳು ಒತ್ತಿ ದೀಪಕ್ಕೆ ಹಿಡಿದೆ.
ಗೆರೆ ಇಲ್ಲ. ಒಂದು ಮಬ್ಬು,
ಕನ್ನಡಿಗೆ ಉಸಿರು ತಾಗಿದ ಹಾಗೆ.

ಹೊರಗೆಲ್ಲ ಹುಣಸೆಹುಳಿ ಹಾಕಿ ತಿಕ್ಕಿದೆ.
ಒಳಗಿನದನ್ನು ಒರೆಸಲಿಲ್ಲ.