ನಲವತ್ತು ನಿಮಿಷದ ಮಾತು

ಮೊದಲು ನಾನು ದೊಡ್ಡಿಗಳ ಗೇಟು ಬೆಸೆಯುತ್ತಿದ್ದೆ.
ಈಗ ರೇವಿಯ ರಗ್ಬಿ ಕುರ್ಚಿ ಬೆಸೆಯುತ್ತೇನೆ,
ಶನಿವಾರಕ್ಕೊಮ್ಮೆ ಅದು ಮುರಿದು ಬರುತ್ತದೆ.
ವ್ಯತ್ಯಾಸ ಬಹಳವೇನಿಲ್ಲ:
ಅಲ್ಲಿ ಗುದ್ದುವ ಗೂಳಿ ಕ್ಷಮೆ ಕೇಳುತ್ತಿರಲಿಲ್ಲ,
ಇಲ್ಲಿ ಗುದ್ದುವವರೂ ಕೇಳುವುದಿಲ್ಲ.

ಇವತ್ತು ಮಟೌರಾ ನದಿಯ ದಂಡೆಯ
ಮಾಂಸದ ಕಾರ್ಖಾನೆಯಲ್ಲಿ ಸುರಕ್ಷತಾ ದಿನ.
ಚಹಾಕ್ಕೂ ಕುರಿಮಾಂಸದ ಪೈಗೂ ನಡುವೆ ಅವನ ಪಾಳಿ.
ಗೋಡೆಯ ಕಾಗದದಲ್ಲಿ ಹಾಗೇ ಬರೆದಿತ್ತು:
ಸ್ಫೂರ್ತಿ, ನಲವತ್ತು ನಿಮಿಷ. ನಂತರ ಊಟ.

ಬಿಳಿ ರಬ್ಬರ್ ಬೂಟಿನವರು ನೂರಿಪ್ಪತ್ತು ಮಂದಿ,
ತಲೆಗೆ ಬಲೆ, ಏಪ್ರನ್ನಿನ ಮೇಲೆ ಬೆಳಗಿನ ಕೆಲಸದ ಕಲೆ.
ರೇವಿ ಶುರುಮಾಡಿದ.
ಹತ್ತೊಂಬತ್ತರ ವಯಸ್ಸು, ಫೆಬ್ರವರಿಯ ಸೆಕೆ, ಸೇತುವೆ,
ನೀರು ಹೋದ ವರ್ಷದಷ್ಟೇ ಆಳವಿದೆಯೆಂಬ ನಂಬಿಕೆ,
ಕತ್ತಿನಲ್ಲಿ ಒಣಕಡ್ಡಿ ಮುರಿದಂಥ ಸದ್ದು.
ಇಲ್ಲಿ ನಿಲ್ಲುತ್ತಾನೆ, ಮೂರು ಎಣಿಸುತ್ತಾನೆ.
ಹಿಂದಿನ ಸಾಲಿನಲ್ಲಿ ನಾನೂ ಎಣಿಸುತ್ತೇನೆ.
ಆಮೇಲೆ ಆಸ್ಪತ್ರೆಯ ಸೂರು,
ಅದರ ಒಂದು ಹಲಗೆಯಲ್ಲಿ ಇನ್ನೂರ ಹದಿನಾರು ತೂತು.
ಆಮೇಲೆ ಕ್ರೈಸ್ಟ್‌ಚರ್ಚಿನ ಮರದ ಅಂಕಣ,
ಮೊದಲ ಡಿಕ್ಕಿ, ಪದಕ.
"ಎಂದೂ ಸೋಲೊಪ್ಪಬೇಡಿ" ಎಂಬಲ್ಲಿ ಚಪ್ಪಾಳೆ.
ವ್ಯಾನಿನಲ್ಲಿ ಅವನು ಅದನ್ನು
ಬಾಡಿಗೆ ಕಟ್ಟುವ ಸಾಲು ಅನ್ನುತ್ತಾನೆ.

ಹೇಳದೆ ಬಿಟ್ಟದ್ದು ನನಗೆ ಗೊತ್ತು.
ಕತ್ತಿನ ಕೆಳಗೆ ಅವನು ಬೆವರುವುದಿಲ್ಲ.
ಆಟದ ನಡುವೆ, ಗಿಡಕ್ಕೆ ಚಿಮುಕಿಸುವ ಬಾಟಲಿಯಿಂದ
ಅವನ ಮುಖಕ್ಕೆ ಎದೆಗೆ ನೀರು ಹೊಡೆಯುವವಳು ನಾನು.
"ಬೆವರು ಸುರಿಸಿ ಗೆದ್ದ" ಎಂದು ಪತ್ರಿಕೆ ಬರೆದ ದಿನ
ಆ ಬೆವರು ನಲ್ಲಿಯದೆಂದು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.
ಮಡಚಿಕೊಂಡ ಬೆರಳು ಚೆಂಡು ಹಿಡಿಯದು;
ಕೈಗವಸಿಗೆ ಅಂಟು ಬಳಿದು ಚೆಂಡನ್ನೇ ಒಪ್ಪಿಸಬೇಕು.
ಒಂದು ರಾತ್ರಿ ಚಕ್ರದ ಕವಚದ ತಗ್ಗನ್ನು
ಸುತ್ತಿಗೆಯಿಂದ ಬಡಿದು ಸರಿಮಾಡಹೊರಟಾಗ ತಡೆದ:
"ವಾರವಿಡೀ ಎಲ್ಲರೂ ನನ್ನನ್ನ
ಮೊಟ್ಟೆ ಬುಟ್ಟಿ ಹಾಗೆ ಎತ್ತಿ ಇಳಿಸ್ತಾರೆ.
ಆ ಇಶ್ಬೆಲ್ ಒಬ್ಬಳೇ
ಅಂಕಣದ ಆ ತುದಿಯಿಂದ ಉರುಳಿ ಬಂದು
ಇದ್ದಬದ್ದ ಬಲವೆಲ್ಲ ಹಾಕಿ ಗುದ್ದೋದು.
ಅಷ್ಟು ಮರ್ಯಾದೆ ಬೇರೆ ಯಾರೂ ಕೊಟ್ಟಿಲ್ಲ.
ತಗ್ಗು ಇರಲಿ ಬಿಡು."

ಪ್ರಶ್ನೆ ಇದ್ದರೆ ಕೇಳಿ ಎಂದರು ಮ್ಯಾನೇಜರ್, ಕೈಗಡಿಯಾರ ನೋಡುತ್ತ.
ಯಾರೂ ಇಲ್ಲ. ಪೈಯ ವಾಸನೆ ಬರತೊಡಗಿತ್ತು.
ಕೊನೆಗೆ ಎಲುಬು ಬಿಡಿಸುವ ಸಾಲಿನ ಮುದುಕನೊಬ್ಬ,
ಎಡಗೈಯಲ್ಲಿ ಮೂರೇ ಬೆರಳು, ಅದನ್ನೇ ಎತ್ತಿದ:
"ಆಟದಲ್ಲಿ ಕುರ್ಚಿ ಮಗುಚಿದ್ರೆ ಹೇಗೆ ಏಳ್ತೀಯ?"

ಆ ಉತ್ತರ ಭಾಷಣದಲ್ಲಿಲ್ಲ.
ಮೂರು ದಾಟಿತು, ಏಳು ದಾಟಿತು ನನ್ನ ಎಣಿಕೆ.
"ಏಳಲ್ಲ," ಅಂದ ರೇವಿ.
"ಪಟ್ಟಿ ಬಿಗಿದಿರುತ್ತೆ. ಅಂಗಾತ ಬಿದ್ದ ಜೀರುಂಡೆ ಹಾಗೆ
ಸೂರು ನೋಡ್ತಾ ಇರ್ತೀನಿ.
ಗಡಿಯಾರ ನಿಲ್ಲಿಸ್ತಾರೆ. ಇಬ್ಬರು ಬರ್ತಾರೆ.
ಬರೋವರೆಗೂ ಕಾಯೋದು."
ಸ್ವಲ್ಪ ಬಿಟ್ಟು,
"ಅದೊಂದು ನಂಗೆ ಇನ್ನೂ ಬಂದಿಲ್ಲ."

ಚಪ್ಪಾಳೆ ಬೀಳಲಿಲ್ಲ.
ಮುದುಕ ತನ್ನ ಮೂರು ಬೆರಳು ನೋಡಿಕೊಂಡು ಕೂತ.
ಬೂಟುಗಳು ಊಟದ ಕಡೆ ಹೊರಟವು.

ಲಕೋಟೆಯ ಜೊತೆ ಕುರಿಯದೊಂದು ತೊಡೆ ಕೊಟ್ಟರು,
ಕಲ್ಲಿನಂತೆ ಹೆಪ್ಪುಗಟ್ಟಿದ್ದು,
ಪ್ರೀತಿಯಿಂದ ಅವನ ಮಡಿಲಲ್ಲೇ ಇಟ್ಟರು.
ಗೋರ್ ಪಟ್ಟಣ ದಾಟುವವರೆಗೂ
ಮ್ಯಾನೇಜರನ ಟೈಯ ಮಾತು:
ಮಾಂಸದ ಕಾರ್ಖಾನೆಯವನು, ಟೈ ತುಂಬ ಕುರಿಮರಿ ಚಿತ್ರ!
ನಗುತ್ತ ಅತ್ತ ತಿರುಗಿದಾಗ ಕಂಡಿತು,
ಪ್ಯಾಂಟು ಒದ್ದೆ, ಪೊಟ್ಟಣದ ಸುತ್ತ ಬಿಳಿ ಹಬೆ.
ತಣ್ಣಗಿದೆ ಎಂದು ಆ ತೊಡೆ ಅವನಿಗೆ ಹೇಳುವುದಿಲ್ಲ;
ಚರ್ಮ ಸುಮ್ಮನೆ ಸುಟ್ಟುಹೋಗುತ್ತದೆ.

ವ್ಯಾನನ್ನು ಹುಲ್ಲಿಗೆ ಇಳಿಸಿದೆ.
ಅವನಿನ್ನೂ ಕುರಿಮರಿಗಳನ್ನು ಎಣಿಸುತ್ತಿದ್ದ.
ಮಾಂಸ ಎತ್ತಿ ಹಿಂದಿನ ಸೀಟಿಗೆ ಎಸೆದು
ನನ್ನ ಅಂಗೈ ಅಲ್ಲಿಟ್ಟೆ,
ಬಿಸಿಯಾಗುವಷ್ಟು ಹೊತ್ತು.